ಬೋರ್ಡಿನ ಮೇಲೆ ಬರೆದ ಹೆಸರು

ಬೆಟ್ಟದ ಮೇಲಿನ ಒಂದು ಶಾಲೆಯಲ್ಲಿ ಮುಕುಂದ ಎಂಬ ಹುಡುಗ ಆರನೆಯ ತರಗತಿಯ ಲೀಡರ್ ಆಗಿದ್ದ. ಟೀಚರ್ ಹೊರಗೆ ಹೋದಾಗ ಮಾತನಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅವನ ಕೆಲಸ. ಅವನ ಅಕ್ಷರ ದುಂಡಗಿತ್ತು, ಶೂಗಳು ಹೊಳೆಯುತ್ತಿದ್ದವು. ಆದರೆ ತರಗತಿಯಲ್ಲಿ ಅವನಿಗೆ ಯಾರೂ ಹೆದರುತ್ತಿರಲಿಲ್ಲ.

ಪಕ್ಕದಲ್ಲಿ ಕೂರುವ ಬೋಪಯ್ಯನಂತೂ ಬಾಯಿ ಮುಚ್ಚಿದ್ದೇ ಇಲ್ಲ. "ಬರ್ಕೋ ಮಾರಾಯ, ಬರ್ಕೋ! ಒತ್ತಕ್ಷರ ಮಾತ್ರ ಬಿಡಬೇಡ" ಎಂದು ನಗುತ್ತಿದ್ದ. ಆದರೂ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುವ ಸ್ನೇಹಿತರು.

ಒಂದು ಮಧ್ಯಾಹ್ನ ಶಾಲೆಯ ಗೇಟಿನ ಬಳಿ ತೆಳ್ಳಗಿನ ಮನುಷ್ಯನೊಬ್ಬ ನಿಂತಿದ್ದ. ಬಿಸಿಲಿನಲ್ಲಿ ಗೇಟಿಗೆ ನೆರಳಿತ್ತು, ಅವನಿಗಿರಲಿಲ್ಲ. ಮುಕುಂದ ಅದನ್ನು ಗಮನಿಸಿದ. ಗಮನಿಸಿಯೂ ನಿಂತ.

"ಲೀಡರ್ ಸಾಹೇಬರು ನೀವೇನಾ? ನಿಮ್ಮ ಮಾತು ಯಾರೂ ಕೇಳಲ್ವಂತೆ!" ಎನ್ನುತ್ತ ಆ ಮನುಷ್ಯ ಸೀಮೆಸುಣ್ಣದ ತುಂಡೊಂದನ್ನು ಚಾಚಿದ. "ಇದರಲ್ಲಿ ಹೆಸರು ಬರೀರಿ. ಸಂಜೆ ಗಂಟೆ ಹೊಡೆಯೋವರೆಗೆ ಅವರ ಬಾಯಿಂದ ಒಂದು ಮಾತೂ ಹೊರಡಲ್ಲ."

"ನಡುವೆ ಅಳಿಸಬೇಕು ಅಂದರೆ?"

"ಡಸ್ಟರಿಗೆ ಹೋಗಲ್ಲ. ಆ ಹೆಸರಿನ ಕೆಳಗೆ ನಿಮ್ಮ ಹೆಸರು ಬರೀಬೇಕು. ಅವರ ಮಾತು ಬರುತ್ತೆ, ನಿಮ್ಮದು ಹೋಗುತ್ತೆ. ಆದರೆ ಹಾಗೆ ಬರೆದವರನ್ನ ನಾನು ಇನ್ನೂ ನೋಡಿಲ್ಲ ಬಿಡಿ" ಎಂದು ಅವನು ನಕ್ಕ. ಮುಕುಂದ ಸೀಮೆಸುಣ್ಣವನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

ಮರುದಿನ ಪದ್ಯ ಹೇಳುವ ಸ್ಪರ್ಧೆ. ಮುಕುಂದನೂ ಬೋಪಯ್ಯನೂ ಹೆಸರು ಕೊಟ್ಟಿದ್ದರು. ಸ್ಪರ್ಧೆಗೆ ಮೊದಲಿನ ಪೀರಿಯಡ್‌ನಲ್ಲಿ ಟೀಚರ್ ಇರಲಿಲ್ಲ. ಬೋಪಯ್ಯ ಬೆಂಚಿನ ಮೇಲೆ ನಿಂತು ಪದ್ಯ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಲೀಡರ್, ಸೆಕೆಂಡ್ ಪ್ರೈಜ್ ಇಡೋಕೆ ಮನೇಲಿ ಜಾಗ ಇದೆ ತಾನೆ?" ಎಂದು ಅವನು ಛೇಡಿಸಿದ.

ಮುಕುಂದ ಎದ್ದು ಹೋಗಿ ಆ ಸೀಮೆಸುಣ್ಣದಿಂದ ಬೋರ್ಡಿನ ಮೇಲೆ ಅವನ ಹೆಸರು ಬರೆದ. ಒತ್ತಕ್ಷರವನ್ನೂ ಬಿಡಲಿಲ್ಲ. ಬೋಪಯ್ಯನ ನಗು ಅರ್ಧದಲ್ಲೇ ನಿಂತಿತು. ತುಟಿ ಅಲುಗುತ್ತಿದ್ದರೂ ಧ್ವನಿ ಬರಲಿಲ್ಲ. ಅವನು ಹೆದರಿ ಮುಕುಂದನ ತೋಳು ಹಿಡಿದುಕೊಂಡ.

ಆಗಲೇ ಎಲ್ಲರನ್ನೂ ಹಾಲ್‌ಗೆ ಕರೆದರು. ತರಗತಿ ಖಾಲಿಯಾಯಿತು. ಸೀಮೆಸುಣ್ಣ ಮುಕುಂದನ ಕೈಯಲ್ಲೇ ಇತ್ತು. ತನ್ನ ಹೆಸರಿನ ಮೂರು ಅಕ್ಷರ ಬರೆದರೆ ಸಾಕಿತ್ತು. ಆದರೆ ಹಾಗೆ ಬರೆದರೆ ವೇದಿಕೆಯ ಮೇಲೆ ತಾನು ಮೂಕನಾಗಬೇಕು. 'ಸಂಜೆ ಹೇಗೂ ಸರಿಹೋಗುತ್ತಲ್ಲ' ಎಂದುಕೊಂಡು ಅವನು ಬಾಗಿಲು ಎಳೆದುಕೊಂಡು ನಡೆದ.

ಹಾಲ್‌ನ ಮೊದಲ ಸಾಲಿನಲ್ಲಿ ಬೋಪಯ್ಯನ ಅಜ್ಜ ಕುಳಿತಿದ್ದರು. ಅವರಿಗೆ ಎರಡೂ ಕಣ್ಣು ಕಾಣಿಸುತ್ತಿರಲಿಲ್ಲ. ಮೊಮ್ಮಗನ ಪದ್ಯ ಕೇಳಲೆಂದೇ ಎರಡು ಬಸ್ಸು ಬದಲಿಸಿ ಬಂದಿದ್ದರು. ಬೋಪಯ್ಯ ವೇದಿಕೆ ಹತ್ತಿ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಮಕ್ಕಳು ಕಿಸಕ್ಕನೆ ನಕ್ಕರು.

ಅಜ್ಜ ಪಕ್ಕದವರತ್ತ ಬಾಗಿ ಕೇಳಿದರು: "ನಮ್ಮ ಹುಡುಗ ಇನ್ನೂ ಶುರು ಮಾಡಲಿಲ್ವಾ?"

ಪಕ್ಕದಲ್ಲಿ ತನ್ನ ಸರದಿಗೆ ಕಾದು ಕುಳಿತಿದ್ದವನು ಮುಕುಂದ. ತನ್ನ ಹೆಸರು ಕರೆದಾಗ ಅವನು ಎದ್ದು ವೇದಿಕೆಗೆ ಹೋದ.

ಮೊದಲ ಬಹುಮಾನ ಅವನಿಗೇ ಬಂತು. ಕಪ್ಪನ್ನು ಕೆಳಗಿಟ್ಟು ಅವನು ತರಗತಿಗೆ ಓಡಿದ. ಬೋರ್ಡಿನ ಮೇಲೆ ತನ್ನ ಹೆಸರನ್ನು ಒಂದಲ್ಲ, ಹತ್ತು ಸಲ ಬರೆದ. ಆದರೆ ಅದಕ್ಕೆ ಮೊದಲೇ ಸಂಜೆಯ ಗಂಟೆ ಹೊಡೆದಾಗಿತ್ತು. ಬೋಪಯ್ಯನ ಮಾತು ತಾನಾಗಿಯೇ ಮರಳಿತ್ತು. ಅವನ ಅಜ್ಜ ಬಸ್ಸು ಹತ್ತಿ ಹೋಗಿದ್ದರು. ಮುಂದಿನ ವರ್ಷದ ಸ್ಪರ್ಧೆಯವರೆಗೆ ಅವರು ಬದುಕಿರಲಿಲ್ಲ.

ಬೋಪಯ್ಯ ಈಗಲೂ ಎಲ್ಲರೊಡನೆ ನಗುತ್ತಾ ಹರಟುತ್ತಾನೆ. ಮುಕುಂದ ಒಳಗೆ ಬಂದರೆ ಮಾತ್ರ ಬಾಯಿ ಮುಚ್ಚುತ್ತಾನೆ. ಅದಕ್ಕೆ ಯಾವ ಸೀಮೆಸುಣ್ಣವೂ ಬೇಕಾಗಿಲ್ಲ.

ನೀತಿ: ಕೆಟ್ಟದ್ದನ್ನು ಕೈಗೆ ಕೊಡುವವನು ಬೇರೆಯವನಿರಬಹುದು, ಅದನ್ನು ಬಳಸುವ ಕೈ ನಮ್ಮದೇ. ತಪ್ಪನ್ನು ತಿದ್ದಿಕೊಂಡರೆ ನಮಗೆ ನಷ್ಟವಾಗುವ ಹೊತ್ತಿನಲ್ಲೇ ಅದನ್ನು ತಿದ್ದಿಕೊಳ್ಳಬೇಕು. ನಷ್ಟವಿಲ್ಲದ ಹೊತ್ತಿಗೆ ಪಡುವ ಪಶ್ಚಾತ್ತಾಪದಿಂದ ಯಾರಿಗೂ ಉಪಯೋಗವಿಲ್ಲ.