ಕರಡಿಯ ಹೊಲಿಗೆಗೆ ಇರುವೆಗಳ ಒಪ್ಪಿಗೆ

ಬೆನ್ನ ಮೇಲಿನ ಗಡ್ಡೆ ತೆಗೆಸಿಕೊಳ್ಳಲು ಕರಡಿ ದರ್ಜಿ ಹಕ್ಕಿಯ ಬಳಿಗೆ ಬಂತು. ಎಲೆಗೆ ಎಲೆ ಹೊಲಿದು ಗೂಡು ಕಟ್ಟುವ ಆ ಹಕ್ಕಿಯೇ ಕಾಡಿಗೆಲ್ಲ ಶಸ್ತ್ರವೈದ್ಯ.

"ಮೊದಲು ಆ ಪೊದೆಯ ಹಿಂದೆ ಮೂತ್ರ ಮಾಡಿ ಬಾ," ಎಂದಿತು ಹಕ್ಕಿ.

ಕರಡಿ ಹೋಗಿ ಬಂದು ಕೂರುವಷ್ಟರಲ್ಲಿ ಇರುವೆಗಳ ದೊಡ್ಡ ಸಾಲೊಂದು ಪೊದೆಯತ್ತ ಹೊರಟಿತ್ತು.

"ಜೇನು ಬಿಡು ಅಂತ ಹೋದ ಸಲವೇ ಹೇಳಿದ್ದೆನಲ್ಲ?"

"ಬಿಟ್ಟೆ ಸ್ವಾಮಿ. ನಿನ್ನೆ ಸಂಜೆಯಿಂದ ಒಂದು ತೊಟ್ಟೂ ಮುಟ್ಟಿಲ್ಲ. ನಿನ್ನೆ ಮಧ್ಯಾಹ್ನ ಮಾತ್ರ ನೆಂಟರು ಬಂದಿದ್ದರು. ಆಪರೇಷನ್ ಆದ ಮೇಲೆ ಬರೀ ಗಂಜಿ, ಈಗಲೇ ತಿಂದುಬಿಡು ಅಂತ ನಾಲ್ಕು ಜೇನುಹುಟ್ಟು ತಿನ್ನಿಸಿದರು. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನಲಾದೀತೆ? ಅಷ್ಟಕ್ಕೂ ಹೊಲಿಯುವವರು ನೀವು. ನಿಮ್ಮ ಕೆಲಸ ಚೆನ್ನಾಗಿದ್ದರೆ ಸಾಕಲ್ಲ!"

"ನಾನು ಎರಡು ಅಂಚನ್ನು ಹತ್ತಿರ ತಂದು ಹಿಡಿಯುತ್ತೇನೆ, ಅಷ್ಟೇ. ಅದನ್ನು ಕೂಡಿಸಬೇಕಾದದ್ದು ನಿನ್ನ ಮೈ. ಮೈತುಂಬ ಸಕ್ಕರೆಯಿದ್ದರೆ ಗಾಯ ಒಣಗುವುದು ಕಷ್ಟ, ಕೀವಾಗುವುದು ಸುಲಭ. ದಿನಾ ಬೆಟ್ಟ ಸುತ್ತು. ಮೂರು ತಿಂಗಳು ಬಿಟ್ಟು ಬಾ."

ಕರಡಿ ಗೊಣಗುತ್ತಲೇ ಬೆಟ್ಟ ಸುತ್ತಿತು. ನೆಂಟರು ಜೇನು ಹಿಡಿದು ಬಂದಾಗಲೆಲ್ಲ, ತಾನು ಮನೆಯಲ್ಲಿಲ್ಲ ಎಂದು ಗುಹೆಯೊಳಗಿಂದಲೇ ಕೂಗಿ ಹೇಳಿತು.

ಮೂರು ತಿಂಗಳಾದ ಮೇಲೆ ಬಂದು ಮತ್ತೆ ಪೊದೆಯ ಹಿಂದೆ ಹೋಯಿತು. ಈ ಸಲ ಇರುವೆಗಳು ತಮ್ಮ ಪಾಡಿಗೆ ತಾವು ದಾಟಿಕೊಂಡು ಹೋದವು. ಕರಡಿಗೆ ಒಂದಿಷ್ಟು ಬೇಜಾರೇ ಆಯಿತು.

"ಅವತ್ತು ಸಾಲುಗಟ್ಟಿ ಬಂದವರು ಇವತ್ತು ಮೂಸಿಯೂ ನೋಡಲಿಲ್ಲವಲ್ಲ!"

"ಇನ್ನು ಮಲಗು," ಎಂದು ದರ್ಜಿ ಹಕ್ಕಿ ಕೊಕ್ಕಿನಲ್ಲಿ ನಾರು ಎತ್ತಿಕೊಂಡಿತು.