ಮೈಲಾರಪ್ಪನ ಅಂಗೈ

ಹೊಳೆ ದಂಡೆಯ ಮಠದಲ್ಲಿ ಹಾಡುಗಳ ಧ್ವನಿಮುದ್ರಣ ಮಾಡುವ ಒಂದು ಕೋಣೆ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಗುರುಪಾದಯ್ಯನವರು. ಅವರ ಹತ್ತಿರ ಕೆಲಸ ಕಲಿಯಲು ಬಂದವನು ಕೊಟ್ರೇಶ.

ಆವತ್ತು ಕೊಟ್ರೇಶನ ತಲೆ ಕೆಟ್ಟು ಕೆರ ಹಿಡಿದಿತ್ತು.

ಹಿಂದಿನ ದಿನ ಡೊಳ್ಳಿನ ಮೇಳವೊಂದು ಬಂದು ಹಾಡು ಮುದ್ರಿಸಿತ್ತು. ಹಾಡಿದವಳು ಮಾಳವ್ವ, ಮೇಳಕ್ಕೇ ಹಿರಿಯಳು. ಆ ಹಾಡು ಈಗ ಬರುವುದು ಅವಳೊಬ್ಬಳಿಗೇ. ಸಂಜೆ ಮೇಳ ಊರಿಗೆ ಹೊರಡುವ ಮೊದಲು ಅದರ ಸದ್ದು ಹದ ಮಾಡಿ ಎಲ್ಲರಿಗೂ ಕೇಳಿಸಬೇಕಿತ್ತು.

"ಡೊಳ್ಳಿನಾಗ ನನ್ನ ದನಿ ಮುಳುಗಿದ್ರ ಅಳಿಸಿಬಿಡಪ್ಪ," ಎಂದು ಅವಳು ಹೇಳಿಟ್ಟಿದ್ದಳು. ಡೊಳ್ಳಿನವರ ಕರಾರು ಬೇರೆ: ಡೊಳ್ಳು ಸಪ್ಪಗಾದರೆ ಅದು ತಮ್ಮ ಹಾಡೇ ಅಲ್ಲ.

ಕಂಪ್ಯೂಟರಿನಲ್ಲಿ ಮಾಳವ್ವನ ದನಿಗೊಂದು, ಒಂದೊಂದು ಡೊಳ್ಳಿಗೂ ಒಂದೊಂದು ಫೇಡರ್. ಮೇಲೆ ತಳ್ಳಿದರೆ ಸದ್ದು ಏರುತ್ತದೆ, ಕೆಳಗೆಳೆದರೆ ಇಳಿಯುತ್ತದೆ. ಕೊಟ್ರೇಶ ಮಾಳವ್ವನ ದನಿ ಏರಿಸಿದ, ಡೊಳ್ಳು ಸಪ್ಪಗಾದವು. ಒಂದು ಡೊಳ್ಳು ಏರಿಸಿದ, ಪಕ್ಕದ್ದು ಮಂಕಾಯಿತು. ಅದನ್ನೂ ಏರಿಸಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ತುತ್ತತುದಿಗೆ ಹೋಗಿ, ಸ್ಪೀಕರಿನಿಂದ ಬರೀ ಗರಗರ ಬರುತ್ತಿತ್ತು.

"ನನ್ನ ಕೈಲೆ ಆಗವಲ್ದ್ರಿ, ಗುರುಗಳ," ಎಂದ. ಅಳುವುದೊಂದು ಬಾಕಿ.

ಹೊರಗೆ ದಂಡೆಯ ಮೇಲೆ ಮೇಳ ತಾಲೀಮು ನಡೆಸಿತ್ತು. ಗುರುಗಳು ಆ ಕಡೆ ಕೈ ತೋರಿಸಿದರು.

"ಮಾಳವ್ವನ ದನಿ ಕೇಳವಲ್ದು. ಹೋಗಿ ಡೊಳ್ಳು ಸ್ವಲ್ಪ ಇಳಿಸಿ ಬಾ."

ಕೊಟ್ರೇಶ ಹೋದ. ಮೆಲ್ಲಗೆ ಬಾರಿಸುವಂತೆ ಮೊದಲನೆಯವನ ಕಿವಿಯಲ್ಲಿ ಹೇಳಿದ; ಅವನು ಇಳಿಸಿದ. ಎರಡನೆಯವನಿಗೆ ಹೇಳಿದ. ಮೂರನೆಯವನ ಬಳಿ ಬರುವಷ್ಟರಲ್ಲಿ ಮೊದಲನೆಯವನು ಮತ್ತೆ ಮೈಮರೆತು ಬಡಿಯುತ್ತಿದ್ದ. ಸಾಲನ್ನು ಸುತ್ತಿ ಸುತ್ತಿ ಬೆವರು ಸುರಿಸಿಕೊಂಡು ಕೊಟ್ರೇಶ ವಾಪಸಾದ. ಗುರುಗಳಿಗೆ ನಗು.

ಆಮೇಲೆ ಅವರೇ ಹೋದರು. ಯಾವ ಡೊಳ್ಳಿನ ಹತ್ತಿರವೂ ಸುಳಿಯಲಿಲ್ಲ. ಮುಂದೆ ನಿಂತು ಮೇಳ ನಡೆಸುವ ಮೈಲಾರಪ್ಪನಿಗೆ ಕಣ್ಣಲ್ಲೇ ಏನೋ ಹೇಳಿದರು. ಮೈಲಾರಪ್ಪ ಅಂಗೈಯನ್ನು ತುಸು ಕೆಳಗೆ ಮಾಡಿದ. ಅಷ್ಟೂ ಡೊಳ್ಳು ಒಟ್ಟಿಗೆ ತಗ್ಗಿದವು. ಮಾಳವ್ವನ ದನಿ ಹೊಳೆಯಾಚೆಗೂ ಕೇಳಿತು.

"ಅಷ್ಟು ಮಂದಿ ಇದ್ರು. ನಾ ಯಾರಿಗೆ ಹೇಳಿದೆ?" ಎಂದು ಗುರುಗಳು ಕೇಳಿದರು.

ಕೊಟ್ರೇಶ ಕೋಣೆಗೆ ಓಡಿದ.

ಫೇಡರುಗಳನ್ನೆಲ್ಲ ನಡುಮಟ್ಟಕ್ಕೆ ಇಳಿಸಿ ಹೊಸದಾಗಿ ಶುರು ಮಾಡಿದ. ಮೊದಲು ಒಂದನ್ನೊಂದು ನುಂಗದಂತೆ ಡೊಳ್ಳು ಡೊಳ್ಳುಗಳ ನಡುವೆ ರಾಜಿ ಮಾಡಿಸಿದ. ಆಮೇಲೆ ಅಷ್ಟನ್ನೂ ಒಂದು ಗುಂಪು ಮಾಡಿ, ಇಡೀ ಗುಂಪಿಗೆ ಒಂದೇ ಫೇಡರ್ ಕೊಟ್ಟ. ಅದಕ್ಕೆ ಮೈಲಾರಪ್ಪ ಎಂದು ಹೆಸರು ಬರೆದ. ಅದನ್ನು ಕೂದಲೆಳೆಯಷ್ಟು ಕೆಳಗೆಳೆದ.

ಸಂಜೆ ಕಂಪ್ಯೂಟರು, ಸ್ಪೀಕರು ಹೊರಗೆ ತಂದಿಟ್ಟು, ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ ಹಾಡು ಹಾಕಿದ.

ಮಾಳವ್ವ ಕಣ್ಣು ಮುಚ್ಚಿ ಕೇಳಿದಳು. ಒಂದೊಂದು ಮಾತೂ ಬಿಡಿಬಿಡಿಯಾಗಿ ಬಂತು. "ಇದು ನನ್ನ ದನಿ," ಎಂದು ಪಕ್ಕದವರ ಕೈ ಹಿಡಿದು ಹೇಳಿದಳು. ಡೊಳ್ಳಿನವರಂತೂ ಎದ್ದೇ ಬಿಟ್ಟರು. ತಮ್ಮ ಡೊಳ್ಳು ಇಷ್ಟು ಗಟ್ಟಿಯಾಗಿ ಎಂದೂ ಕೇಳಿಲ್ಲವೆಂದು ಅವರೇ ಹೇಳತೊಡಗಿದರು. ಅಂಗಳದ ತುಂಬ ಕುಣಿತ.

ಕೊಟ್ರೇಶನಿಗೆ ಎದೆ ತುಂಬಿ ಬಂದಿತ್ತು. ಆದರೂ ಇನ್ನೂ ತುಸು ತಿದ್ದುವ ಆಸೆಗೆ ಅವನ ಕೈ ಮೌಸ್ ಬಿಟ್ಟಿರಲಿಲ್ಲ.

ಗುರುಗಳು ಪಕ್ಕಕ್ಕೆ ಬಂದು, ಕೊನೆಗೆ ಯಾರನ್ನು ಏರಿಸಿದೆ ಎಂದು ಕೇಳಿದರು.

"ಯಾರ್ನೂ ಏರಿಸಿಲ್ರಿ. ಮೈಲಾರಪ್ಪನ್ನ ಒಂಚೂರು ಇಳಿಸಿದೆ."

"ಹಂಗಾದ್ರ ಇನ್ನ ಕೈ ತೆಗಿ. ಹೋಗು, ಅವರ ಕೂಡ ಕುಣಿ."