ಒತ್ತೆ ಹೋದ ಗಾಣಿಗ

ಚುನಾವಣೆಗೆ ಇನ್ನು ಒಂಬತ್ತು ದಿನ ಇತ್ತು. ಅಂದು ಬುಧವಾರ. ಬೆಳಗಿನ ಪಾಠ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ಶಿಷ್ಯನೊಬ್ಬ ಕುಳಿತಲ್ಲೇ ಉಳಿದು ಗುರುಗಳನ್ನು ಕೇಳಿದ:

“ಗುರುಗಳೇ, ಆಡುವ ಮಾತು ಬದಲಾದರೂ ಕೊನೆಗೆ ಮಾಡುವ ಕೆಲಸ ಸರಿಯಾಗಿದ್ದರೆ, ಅದರಲ್ಲಿ ದೋಷವೇನು?”

“ಯಾರ ಮಾತು?”

“ಅಧ್ಯಕ್ಷ ಪದವಿಗೆ ನಿಂತವರದು. ನೆರೆಯ ದೇಶವನ್ನು ಕಾಯುತ್ತೇವೆಂದು ನಾವು ಹಿಂದೆ ಮಾತು ಕೊಟ್ಟಿದ್ದೇವೆ. ಸೈನಿಕರ ಮನೆಗಳಿರುವ ಊರಿನಲ್ಲಿ ಅವರು, ಆ ಮಾತು ನಮಗೆ ಬೇಡ, ನಮ್ಮ ಹುಡುಗರು ಮನೆಗೆ ಬರಲಿ ಎಂದರು. ಬಂದರಿನ ಸಭೆಯಲ್ಲಿ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದರು. ನಿನ್ನೆ ಪತ್ರಕರ್ತರು ಬಿಡದೆ ಕೇಳಿದಾಗ, ಆ ಸಮಯ ಬಂದಾಗ ನೋಡೋಣ ಎಂದು ನಕ್ಕರು. ಪತ್ರಿಕೆಗಳು ಅವರನ್ನು ಬೈಯುತ್ತಿವೆ. ನನಗೆ ತಪ್ಪು ಕಾಣಿಸುತ್ತಿಲ್ಲ. ನಮ್ಮ ರಸ್ತೆ, ನಮ್ಮ ಶಾಲೆ, ನಮ್ಮ ಕೂಲಿ, ಇವುಗಳ ಬಗ್ಗೆ ಅವರು ಮಾತು ಬದಲಿಸಿಲ್ಲ. ಬದಲಿಸಿದ್ದು ಹೊರಗಿನವರ ಬಗ್ಗೆ. ಹೊರಗಿನವರು ಇಲ್ಲಿ ಮತ ಹಾಕುವುದಿಲ್ಲ. ಗೆಲ್ಲುವುದಕ್ಕೆ ಅಲ್ಲಲ್ಲಿ ಬೇಕಾದ ಮಾತನ್ನು ಆಡಿ, ಗೆದ್ದ ಮೇಲೆ ಸರಿಯಾದದ್ದನ್ನು ಮಾಡಿದರೆ ಯಾರಿಗೆ ನಷ್ಟ?”

“ನೀನು ಅವರಿಗೆ ಮತ ಹಾಕುತ್ತೀಯಾ?”

“ಹಾಕಬೇಕೆಂದಿದ್ದೇನೆ.”

ಗುರುಗಳು ಒಂದು ಕಥೆ ಹೇಳತೊಡಗಿದರು.

ಘಟ್ಟದ ಮೇಲೆ ಒಂದು ಊರಿತ್ತು. ಘಟ್ಟದ ಕೆಳಗೆ, ಸಮುದ್ರದ ದಡದಲ್ಲಿ, ಇನ್ನೊಂದು ಊರು. ಎರಡರ ನಡುವೆ ಇದ್ದದ್ದು ಒಂದೇ ದಾರಿ. ಆ ದಾರಿಗೆ ಮೇಲಿನ ಊರಿನವರು ಕಲ್ಲಿನ ಗೋಡೆ ಕಟ್ಟಿ ದೊಡ್ಡ ಬಾಗಿಲು ಇಟ್ಟಿದ್ದರು.

ಉತ್ತರದಲ್ಲಿ ಒಬ್ಬ ದಂಡನಾಯಕ ಇದ್ದ. ಅವನ ಕಣ್ಣು ಕೆಳಗಿನ ಊರಿನ ಮೇಲೆ. ಆದರೆ ಬಾಗಿಲು ಮುಚ್ಚಿದರೆ ಅವನ ದಂಡು ಇಳಿಯುವಂತಿರಲಿಲ್ಲ. ಅದಕ್ಕಾಗಿ ಎರಡೂ ಊರುಗಳು ಒಂದು ಒಪ್ಪಂದ ಮಾಡಿಕೊಂಡಿದ್ದವು. ದಂಡು ಬಂದರೆ ಮೇಲಿನ ಊರು ಬಾಗಿಲು ಮುಚ್ಚಬೇಕು. ಅದಕ್ಕೆ ಪ್ರತಿಯಾಗಿ ಕೆಳಗಿನ ಊರು ಉಪ್ಪು ಕೊಡಬೇಕು.

ಉಪ್ಪು ಕಣ್ಣಿಗೆ ಕಾಣುತ್ತದೆ. ಮಾತು ಕಾಣುವುದಿಲ್ಲ. ಆದ್ದರಿಂದ ಮೇಲಿನ ಊರು ತನ್ನ ಮಾತಿಗೆ ಒತ್ತೆಯಾಗಿ ಒಬ್ಬ ಮನುಷ್ಯನನ್ನು ಕೆಳಗೆ ಕಳಿಸುತ್ತಿತ್ತು. ಅವನನ್ನು ಅಲ್ಲಿ ನೆಂಟನಂತೆ ನೋಡಿಕೊಳ್ಳುತ್ತಿದ್ದರು. ಅವನು ತನ್ನ ಕಸುಬು ಮಾಡಬಹುದು, ಮದುವೆಯ ಊಟಕ್ಕೆ ಹೋಗಬಹುದು, ಊರಿನ ಗಡಿ ಮಾತ್ರ ದಾಟುವಂತಿರಲಿಲ್ಲ. ಒಪ್ಪಂದ ಮುರಿದರೆ ಅವನ ತಲೆ ಹೋಗುತ್ತಿತ್ತು.

ಕೆಳಗಿನ ಊರಿನವರಿಗೆ ಒಂದು ಪದ್ಧತಿ ಇತ್ತು. ದಂಡಿನ ಸುದ್ದಿ ಬಂದರೆ ಅವರು ಮೇಲಕ್ಕೆ ದೂತರನ್ನು ಅಟ್ಟುತ್ತಿರಲಿಲ್ಲ. ಒತ್ತೆಯಾಳನ್ನು ಸಭೆಗೆ ಕರೆದು, ನಿನ್ನ ಊರಿನ ಮಾತೇನು ಎಂದು ಕೇಳುತ್ತಿದ್ದರು. ಅವನು ಹೇಳಿದ್ದೇ ಊರಿನ ಮಾತು. ತನ್ನ ಊರಿನವರ ಮನಸ್ಸು ಅವನಿಗೆ ಗೊತ್ತಿರುತ್ತದೆ, ತಲೆ ಪಣಕ್ಕಿಟ್ಟವನು ಸುಳ್ಳು ಹೇಳುವುದಿಲ್ಲ ಎಂದು ಅವರು ನಂಬಿದ್ದರು. ಅಜ್ಜಂದಿರ ಕಾಲದಿಂದಲೂ ಒತ್ತೆ ಹೋದವರೆಲ್ಲ ಒಂದೇ ಉತ್ತರ ಕೊಟ್ಟಿದ್ದರು: ಬಾಗಿಲು ಮುಚ್ಚುತ್ತದೆ. ಅದು ಮುಚ್ಚುತ್ತಲೂ ಇತ್ತು. ಈ ಕಥೆ ನಡೆದ ಕಾಲದಲ್ಲಿ ಒತ್ತೆಯಾಗಿ ಇದ್ದವನು ಒಬ್ಬ ಗಾಣಿಗ.

ಹೀಗಿರುವಾಗ ಮೇಲಿನ ಊರಿನ ಯಜಮಾನ ತೀರಿಕೊಂಡ. ಹೊಸ ಯಜಮಾನನನ್ನು ಆರಿಸಬೇಕಾಯಿತು. ಚಾವಡಿಯಲ್ಲಿ ಮಡಕೆ ಇಡುತ್ತಿದ್ದರು. ಪ್ರತಿಯೊಂದು ಮನೆಯವರೂ ತಮಗೆ ಬೇಕಾದವನ ಮಡಕೆಗೆ ಒಂದು ಅವರೆಕಾಳು ಹಾಕಬೇಕು.

ಇಬ್ಬರು ನಿಂತರು. ಒಬ್ಬ ರೈತ. ಅವನದು ಒರಟು ಬಾಯಿ. ಬಾಗಿಲು ಮುಚ್ಚುತ್ತೇನೆ ಎಂದು ಎಲ್ಲ ಕಡೆ ಹೇಳಿದ, ಎಲ್ಲ ಕಡೆ ಬೈಸಿಕೊಂಡ. ಇನ್ನೊಬ್ಬ ಜವಳಿ ವರ್ತಕ. ಜಾಣ, ಕೆಲಸಗಾರ, ಯಾರ ಮನಸ್ಸನ್ನೂ ನೋಯಿಸದವನು.

ವರ್ತಕ ಮೊದಲು ಕಾವಲಿನವರ ಕೇರಿಗೆ ಹೋದ. ದಂಡು ಬಂದರೆ ಗೋಡೆಯ ಮೇಲೆ ನಿಲ್ಲಬೇಕಾದವರು ಅವರು. ಅಲ್ಲಿ ಹೇಳಿದ: “ಕೆಳಗಿನವರ ಮನೆ ಉಳಿಸಲು ನಿಮ್ಮ ಮಕ್ಕಳು ಯಾಕೆ ಸಾಯಬೇಕು? ಬಾಗಿಲು ತೆಗೆದಿಡೋಣ. ದಂಡು ತನ್ನ ದಾರಿ ಹಿಡಿದು ಹೋಗಲಿ.” ಕೇರಿಯವರು ಅವನನ್ನು ಹೆಗಲ ಮೇಲೆ ಹೊತ್ತರು.

ಆಮೇಲೆ ಪೇಟೆಗೆ ಹೋದ. ಪೇಟೆ ಬದುಕಿದ್ದದ್ದು ಉಪ್ಪಿನಿಂದ. ಅಲ್ಲಿ ಹೇಳಿದ: “ಬಾಗಿಲು ಮುಚ್ಚುತ್ತೇವೆ. ಕೊಟ್ಟ ಮಾತು ಕೊಟ್ಟದ್ದೇ.” ಪೇಟೆಯವರು ಹಾರ ಹಾಕಿದರು.

ಕೊನೆಗೆ ಗಾಣಿಗನ ಮನೆಗೆ ಬಂದ. ಗಾಣಿಗನ ಹೆಂಡತಿ ಗಾಣದ ಹತ್ತಿರ ಇದ್ದಳು. ಬಂದವನಿಗೆ ಮಣೆ ಕೊಡಲಿಲ್ಲ.

“ಶೆಟ್ಟರೇ, ಕಾವಲಿನವರ ಕೇರಿಯಲ್ಲಿ ಬಾಗಿಲು ತೆಗೆದಿಡೋಣ ಅಂದಿರಂತೆ.”

“ಯಾರು ಹೇಳಿದರು ತಂಗೀ?”

“ಯಾರು ಹೇಳಿದರೆ ನಿಮಗೇನು? ಅಂದಿರೋ ಇಲ್ಲವೋ?”

“ಅಂದೆ. ಅಲ್ಲಿ ಹಾಗೇ ಅನ್ನಬೇಕು. ಪೇಟೆಯಲ್ಲಿ ಏನಂದೆ, ಅದನ್ನೂ ಕೇಳು.”

“ಕೇಳಿದ್ದೇನೆ. ನನ್ನ ಗಾಣದ ಎತ್ತೂ ಒಂದೇ ದಿಕ್ಕಿಗೆ ಸುತ್ತುತ್ತದೆ ಶೆಟ್ಟರೇ.”

ವರ್ತಕ ನಕ್ಕ. “ಎತ್ತು ಚುನಾವಣೆಗೆ ನಿಂತಿಲ್ಲವಲ್ಲ ತಂಗೀ.”

ಅವಳು ನಗಲಿಲ್ಲ. “ನನ್ನ ಗಂಡ ಅಲ್ಲಿದ್ದಾರೆ. ನಿಜ ಹೇಳಿ. ದಂಡು ಬಂದರೆ ಏನು ಮಾಡುತ್ತೀರಿ?”

ವರ್ತಕ ಸುತ್ತ ನೋಡಿದ. ಯಾರೂ ಇರಲಿಲ್ಲ. ದನಿ ತಗ್ಗಿಸಿ ಹೇಳಿದ: “ಮುಚ್ಚುತ್ತೇನೆ. ನನ್ನ ಮಕ್ಕಳಾಣೆ.”

“ಹಾಗಾದರೆ ಇದನ್ನೇ ಕಾವಲಿನವರ ಕೇರಿಯಲ್ಲಿ ನಿಂತು ಹೇಳಿ ಬನ್ನಿ.”

“ಗೆದ್ದ ಮೇಲೆ ಹೇಳುತ್ತೇನೆ. ಈಗ ಹೇಳಿದರೆ ಗೆಲ್ಲುವುದಿಲ್ಲ.”

ಕಥೆ ಇಲ್ಲಿಗೆ ಬಂದಾಗ ಶಿಷ್ಯ ನಡುವೆ ಕೇಳಿದ: “ಅವನು ಅವಳಿಗೆ ಹೇಳಿದ್ದು ನಿಜವೇ?”

“ನಿಜ,” ಎಂದರು ಗುರುಗಳು. “ಅವನ ಮನಸ್ಸಿನಲ್ಲಿ ಬೇರೆ ಯೋಚನೆ ಇರಲೇ ಇಲ್ಲ.”

ಅವರು ಮುಂದುವರಿಸಿದರು.

ಅವಳು ಅವನ ಮಡಕೆಗೆ ಕಾಳು ಹಾಕಿದಳು. ಕಾವಲಿನವರು ಹಾಕಿದರು. ಪೇಟೆಯವರೂ ಹಾಕಿದರು. ಅವನು ಎರಡು ಮಾತು ಆಡಿದ್ದು ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ತಮ್ಮ ಕೇರಿಯಲ್ಲಿ ಆಡಿದ್ದು ನಿಜ, ಬೇರೆ ಕೇರಿಯಲ್ಲಿ ಆಡಿದ್ದು ಅವರನ್ನು ಸಮಾಧಾನ ಮಾಡಲು ಎಂದು ಪ್ರತಿಯೊಬ್ಬರೂ ತಿಳಿದುಕೊಂಡಿದ್ದರು. ವರ್ತಕ ಗೆದ್ದ.

ಆದರೆ ಆ ಮಾತುಗಳನ್ನು ಊರಿನವರು ಮಾತ್ರ ಕೇಳಿರಲಿಲ್ಲ. ಉಪ್ಪಿನ ಹೇರು ತರುವವರು ಘಟ್ಟ ಇಳಿದು ಹೋದರು. ಪೇಟೆಯಲ್ಲಿ ತಂಗಿದವರು ಬಾಗಿಲು ಮುಚ್ಚುತ್ತದೆ ಎಂದು ಕೆಳಗೆ ಹೇಳಿದರು. ಕಾವಲಿನವರ ಕೇರಿಯಲ್ಲಿ ತಂಗಿದವರು ಬಾಗಿಲು ತೆಗೆದಿರುತ್ತದೆ ಎಂದರು. ಕುದುರೆ ಮಾರುವವರು ಉತ್ತರಕ್ಕೆ ಹೋದರು. ಬಾಗಿಲು ಮುಚ್ಚುತ್ತದೆ ಎಂಬ ಭಯದಿಂದಲೇ ದಂಡನಾಯಕ ಅಲ್ಲಿಯವರೆಗೆ ಸುಮ್ಮನಿದ್ದ. ತೆಗೆದಿಡುತ್ತಾರಂತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವನು ದಂಡು ಹೊರಡಿಸಿದ.

ದಂಡು ಬರುವ ಸುದ್ದಿ ಎರಡೂ ಊರಿಗೆ ಒಂದೇ ದಿನ ಮುಟ್ಟಿತು.

ಮೇಲಿನ ಊರಿನಲ್ಲಿ ವರ್ತಕ ನೇರವಾಗಿ ಬಾಗಿಲಿಗೆ ಹೋದ. “ಮುಚ್ಚಿ,” ಎಂದ.

ಕಾವಲಿನವರ ಹಿರಿಯ ಅಗುಳಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. “ಶೆಟ್ಟರೇ, ಈಗ ಮಾತಾಡುತ್ತಿರುವುದು ಯಾವ ಬಾಯಿ? ನಮ್ಮ ಕೇರಿಗೆ ತಂದದ್ದೋ, ಪೇಟೆಗೆ ತಗೊಂಡು ಹೋದದ್ದೋ?”

“ತಮಾಷೆಗೆ ಇದು ಹೊತ್ತಲ್ಲ. ಮುಚ್ಚಿ.”

“ನಿಮಗೆ ತಮಾಷೆ. ಗೋಡೆಯ ಮೇಲೆ ನಿಲ್ಲುವವನು ನನ್ನ ಮಗ.”

ವಾದ ಬೆಳೆಯಿತು. ವರ್ತಕ ಬೇಡಿಕೊಂಡ, ಗದರಿಸಿದ, ಕೊನೆಗೆ ತಾನೇ ಗೋಡೆ ಹತ್ತಿ ನಿಂತ. ಬಾಗಿಲು ಮುಚ್ಚುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮುಚ್ಚಿದ ಮೇಲೆ ಅವನು ಕೆಳಗಿನ ಊರಿಗೆ ಒಬ್ಬ ಓಟಗಾರನನ್ನು ಕಳಿಸಿದ.

ಅದೇ ಮಧ್ಯಾಹ್ನ ಕೆಳಗಿನ ಊರಿನ ಸಭೆ ಮರಳಿನ ಮೇಲೆ ಸೇರಿತ್ತು. ದೋಣಿಗಳು ನೀರಿಗೆ ಇಳಿದಿದ್ದವು. ಬಾಗಿಲು ಮುಚ್ಚುವುದಿಲ್ಲ ಎಂದಾದರೆ ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಊರೆಲ್ಲ ದ್ವೀಪಕ್ಕೆ ಹೋಗಬೇಕು. ಸಮುದ್ರದ ಇಳಿತ ಶುರುವಾದರೆ ದೋಣಿ ಹೊರಡುವಂತಿಲ್ಲ. ಕಾಯಲು ಸಮಯವಿರಲಿಲ್ಲ.

ಗಾಣಿಗನನ್ನು ನಡುವೆ ನಿಲ್ಲಿಸಿದರು. ಊರಿನ ಹಿರಿಯ ಅವನ ಗೆಳೆಯ. ಇಬ್ಬರ ಮನೆಗೂ ಒಂದೇ ಬೇಲಿ. ಹಿರಿಯ ಕೇಳಿದ: “ನಿನ್ನ ಊರಿನ ಮಾತೇನು?”

ಗಾಣಿಗ ಯೋಚಿಸಿದ. ಹೇರಿನವರು ತಂದ ಎರಡು ಮಾತೂ ಅವನ ಕಿವಿಗೆ ಬಿದ್ದಿದ್ದವು. ವರ್ತಕ ಅವನಿಗೆ ಗೊತ್ತಿದ್ದವನೇ. ಮುಚ್ಚೆಂದು ಅವನು ಹೇಳಬಹುದು. ಆದರೆ ಅಗುಳಿ ಹಾಕುವವರು ಕಾವಲಿನವರು. ತೆಗೆದಿಡೋಣ ಎಂಬ ಮಾತು ಕೇಳಿ ಕಾಳು ಹಾಕಿದವರು ಈಗ ಅಗುಳಿ ಹಾಕುತ್ತಾರೆಯೇ?

ಹಿರಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಎಂತ ಯೋಚನೆ ಮಾರಾಯಾ? ಮುಚ್ಚುತ್ತದೆ ಅಂತ ಒಂದು ಮಾತು ಹೇಳು. ಮನೆಗೆ ಹೋಗಿ ಊಟ ಮಾಡುವ.”

“ನಾನು ಹಾಗೆ ಹೇಳಿದರೆ ನೀನು ದೋಣಿ ಎಳೆದು ಹಾಕುತ್ತೀಯಾ?”

“ಹಾಕುತ್ತೇನೆ.”

“ನಿನ್ನ ಮೊಮ್ಮಕ್ಕಳು ಈ ರಾತ್ರಿ ಮನೆಯಲ್ಲೇ ಮಲಗುತ್ತಾರಾ?”

“ಮತ್ತೆಲ್ಲಿ ಮಲಗುವುದು? ನಿನ್ನ ಮಾತಿನ ಮೇಲೆಯೇ ಅಲ್ಲವಾ ಇಷ್ಟು ವರ್ಷ ಮಲಗಿದ್ದು?”

ಗಾಣಿಗ ತಲೆ ಎತ್ತಿ ಸಭೆಗೆಲ್ಲ ಕೇಳುವಂತೆ ಹೇಳಿದ: “ನನ್ನ ಊರಿನ ಮಾತು ನನಗೆ ಗೊತ್ತಿಲ್ಲ.”

ಅಂಥ ಉತ್ತರವನ್ನು ಆ ಸಭೆ ಹಿಂದೆ ಕೇಳಿರಲಿಲ್ಲ. ಹಿರಿಯ ಮತ್ತೊಮ್ಮೆ ಕೇಳಿದ. ಅವನು ಅದನ್ನೇ ಹೇಳಿದ. ಹಿರಿಯ ಅವನ ಭುಜ ಹಿಡಿದು ಅಲುಗಿಸಿದ. “ಬೇಡ ಮಾರಾಯಾ. ಬೇರೆ ಏನಾದರೂ ಹೇಳು.”

“ಬೇರೆ ಏನು ಹೇಳಿದರೂ ನೀನು ನಂಬುತ್ತೀಯಲ್ಲ,” ಎಂದ ಗಾಣಿಗ.

ಸಭೆ ಕೂತು ಯೋಚಿಸಿತು. ತಲೆ ಪಣಕ್ಕಿಟ್ಟ ಮನುಷ್ಯನಿಗೇ ತನ್ನ ಊರಿನ ಮಾತು ಗೊತ್ತಿಲ್ಲದಿದ್ದರೆ ಆ ಊರಿಗೆ ಮಾತು ಎಂಬುದೇ ಇಲ್ಲ. ಮಾತು ಇಲ್ಲದಿದ್ದರೆ ಒಪ್ಪಂದವೂ ಇಲ್ಲ. ಒಪ್ಪಂದ ಮುರಿದರೆ ಏನಾಗಬೇಕು ಎಂಬುದು ಮೊದಲೇ ನಿಶ್ಚಯವಾಗಿತ್ತು. ಮಾಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಹಿರಿಯನೇ ಕತ್ತಿ ತೆಗೆದುಕೊಂಡ. ಆಮೇಲೆ ದೋಣಿಗಳು ಹೊರಟವು.

ಓಟಗಾರ ಬಂದಾಗ ದಡದಲ್ಲಿ ಯಾರೂ ಇರಲಿಲ್ಲ.

ದಂಡು ಬಾಗಿಲಿನವರೆಗೆ ಬಂತು. ಮುಚ್ಚಿದ್ದನ್ನು ಕಂಡು ಎರಡು ದಿನ ಕಾದು ಹಿಂದಿರುಗಿತು. ಗೋಡೆಯ ಮೇಲೆ ಒಬ್ಬ ಕಾವಲಿನವನಿಗೂ ಗಾಯವಾಗಲಿಲ್ಲ. ವರ್ತಕ ಕಾವಲಿನವರ ಕೇರಿಗೆ ಹೋಗಿ, ನಿಮ್ಮ ಮಕ್ಕಳೆಲ್ಲ ಉಳಿದರಲ್ಲ ಎಂದ. ಅದು ನಿಜ. ಪೇಟೆಗೆ ಹೋಗಿ, ಬಾಗಿಲು ಮುಚ್ಚಿದೆನಲ್ಲ ಎಂದ. ಅದೂ ನಿಜ. ಕೆಲವು ತಿಂಗಳು ಕಳೆದ ಮೇಲೆ ಕೆಳಗಿನವರು ಉಪ್ಪು ಕಳಿಸಿದರು. ಅವರಿಗೂ ಮಾರಲೇಬೇಕಿತ್ತು.

ಗಾಣಿಗನ ಹೆಂಡತಿ ಚಾವಡಿಗೆ ಬಂದಳು. ವರ್ತಕ ಎದ್ದು ನಿಂತ. ಅವನ ಕಣ್ಣು ಒದ್ದೆಯಾಗಿತ್ತು.

“ತಂಗೀ, ನಿನಗೆ ಹೇಳಿದ ಹಾಗೆಯೇ ಮಾಡಿದೆ. ಮುಚ್ಚಿದೆ.”

“ನನಗೆ ಹೇಳಿದಿರಿ ಶೆಟ್ಟರೇ,” ಎಂದಳು ಅವಳು. “ಅವರಿಗೆ ಯಾರು ಹೇಳಿದರು?”

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ಕೇಳಿದ: “ಊರಿನವರು ಅವನನ್ನು ಹಾಗೆಯೇ ಬಿಟ್ಟರೇ? ಮುಂದಿನ ಸಲ ಮಡಕೆ ಇಟ್ಟಾಗ ಏನಾಯಿತು?”

ಗುರುಗಳು ಹೇಳಿದರು: “ಅವನೇ ಗೆದ್ದ, ಹಿಂದಿನ ಸಲಕ್ಕಿಂತ ಒಂದೇ ಒಂದು ಕಾಳು ಕಡಿಮೆ ಬಿತ್ತು.”